ನಾರುಮೂಳೆ ರೋಗ: ಗುರುತಿಸುವ ಬಗೆ ಮತ್ತು ಚಿಕಿತ್ಸೆ



ಈ ಹೊತ್ತಿನಲ್ಲಿ ನಾನು ನಿಮ್ಮೊಡನೆ ಸಾಮಾನ್ಯವಾಗಿ ಮಾತನಾಡುವುದು ಬಿತ್ತನೆ, ಗೊಬ್ಬರ, ಹುಳುಹುಪ್ಪಟೆಗಳ ವಿಚಾರ. ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಗೊಬ್ಬರ ಸುರಿಯಬೇಡಿ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ದಿನ ಮಾತ್ರ ಮಣ್ಣಿನ ವಿಚಾರ ಬಿಟ್ಟು ಮೂಳೆಯ ವಿಚಾರ ಹೇಳುತ್ತೇನೆ. ಇದೇನಪ್ಪಾ, ಬೇಸಾಯದ ಅಧಿಕಾರಿಗೂ ಮೂಳೆ ರೋಗಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ನಾನು ನಿಮಗೆ ಹೇಳುವ ಬುದ್ಧಿಮಾತನ್ನು ನಾನೇ ಒಂದು ಸಲ ಮರೆತೆ. ಅದರ ಫಲವನ್ನು ನನ್ನ ಅಕ್ಕನ ಮಗ ಉಣ್ಣಬೇಕಾಯಿತು.

ನಾನು ವೈದ್ಯನಲ್ಲ. ಕೃಷಿ ಡಿಪ್ಲೊಮಾ ಓದಿ ವಿಸ್ತರಣಾ ಕೆಲಸಕ್ಕೆ ಸೇರಿದವನು. ವೈದ್ಯರು ನಮಗೆ ಬಿಡಿಸಿ ಹೇಳಿದ್ದನ್ನೂ, ಆಮೇಲೆ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನೂ ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಔಷಧಿಯನ್ನು ಗೊತ್ತು ಮಾಡಬೇಕಾದವರು ವೈದ್ಯರೇ.

ನಡೆದದ್ದು ಹೀಗೆ

ನಮ್ಮ ಅಕ್ಕನನ್ನು ಕೊಟ್ಟಿರುವುದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿಗೆ. ರಾಗಿ, ಹುರುಳಿ, ಎರಡು ಹಸು, ನಾಲ್ಕು ಕುರಿ ಇರುವ ಮನೆ. ಅವಳ ಮಗನಿಗೆ ಏಳು ವರ್ಷ ಇದ್ದಾಗ ಜಗುಲಿಯಿಂದ ಬಿದ್ದು ಎಡತೊಡೆಯ ಮೂಳೆ ಮುರಿಯಿತು. ಜಗುಲಿಯ ಎತ್ತರ ಮೊಳದಷ್ಟೂ ಇರಲಿಲ್ಲ. ಅಕ್ಕ ನನಗೆ ಫೋನ್ ಮಾಡಿದಳು. "ಊರಲ್ಲಿ ನಾಟಿ ಕಟ್ಟು ಕಟ್ಟೋರು ಇದ್ದಾರೆ, ಅಲ್ಲಿಗೇ ಕರಕೊಂಡು ಹೋಗೋಣ ಅಂತಾರೆ ನಿಮ್ಮ ಭಾವ. ನೀನೇನಂತೀಯ?" ಎಂದು ಕೇಳಿದಳು. ನಾನು ಯಾವುದೋ ತರಬೇತಿಯ ಗಡಿಬಿಡಿಯಲ್ಲಿದ್ದೆ. "ಹುಡುಗರ ಮೂಳೆ ಅಲ್ವಾ ಅಕ್ಕ, ಬೇಗ ಕೂಡ್ಕೊಳ್ಳತ್ತೆ, ಕಟ್ಟಿಸು" ಎಂದುಬಿಟ್ಟೆ. ಇಷ್ಟು ಕಡಿಮೆ ಎತ್ತರದಿಂದ ಬಿದ್ದರೆ ತೊಡೆಯಂಥ ಗಟ್ಟಿ ಮೂಳೆ ಯಾಕೆ ಮುರಿಯಬೇಕು ಎಂದು ನಾನು ಕೇಳಲಿಲ್ಲ.

ಬಿದಿರಿನ ದಬ್ಬೆ ಕಟ್ಟಿ ಮೂರು ತಿಂಗಳು ಮಲಗಿಸಿದರು. ಮೂಳೆ ಕೂಡಿಕೊಂಡಿತು, ಆದರೆ ಬಾಗಿ ಕೂಡಿಕೊಂಡಿತು. ಹುಡುಗ ಕುಂಟತೊಡಗಿದ. ಎರಡು ವರ್ಷದ ಮೇಲೆ ಕರುವಿನ ಹಿಂದೆ ಓಡುವಾಗ ಬದುವಿನ ಮೇಲೆ ಕಾಲು ಜಾರಿ ಅದೇ ತೊಡೆ ಮತ್ತೆ ಮುರಿಯಿತು. ಈ ಸಲ ಅಕ್ಕ ಯಾರನ್ನೂ ಕೇಳಲಿಲ್ಲ. ಕಾಲಿಗೆ ಹಲಗೆ ಕಟ್ಟಿಸಿ, ಗಾಡಿ ಮಾಡಿಕೊಂಡು, ನೇರ ಮಹಾಲಕ್ಷ್ಮಿ ಲೇಔಟಿನ ನನ್ನ ಮನೆಗೆ ಬಂದಳು. ಆ ಸಂಜೆ ಆಂಜನೇಯನ ಗುಡಿಯ ಗಂಟೆ ಕೇಳಿಸುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಊರಲ್ಲಿ ಎಲ್ಲಾ ನನ್ನ ಮೇಲೆ ಹೇಳ್ತಾರೆ ಕಣೋ. ಬಸುರೀಲಿ ಗ್ರಹಣದ ಹೊತ್ತು ಹೊರಗೆ ಬಂದಿದ್ದಳು, ಅದಕ್ಕೇ ಹಿಂಗಾಯ್ತು ಅಂತಾರೆ."

ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ತೆಗೆದರು. ವೈದ್ಯರು ಅದನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಮುರಿದ ಜಾಗದ ಸುತ್ತ ಮೂಳೆ ಒಳಗೆಲ್ಲ ಉಜ್ಜಿದ ಗಾಜಿನ ಹಾಗೆ ಮಂಜುಮಂಜಾಗಿತ್ತು. ಹೊರಗಿನ ಗಟ್ಟಿ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. "ಇದು ಬಿದ್ದು ಮುರಿದದ್ದಲ್ಲ, ಮುರಿಯುವ ಹಾಗಿದ್ದದ್ದು ಬಿತ್ತು ಅಷ್ಟೇ. ಫೈಬ್ರಸ್ ಡಿಸ್‌ಪ್ಲೇಸಿಯಾ ಇರಬೇಕು, ಉಳಿದ ಪರೀಕ್ಷೆ ಮಾಡಿಯೇ ಖಚಿತ ಹೇಳುತ್ತೇವೆ" ಎಂದರು. ಈ ಲೇಖನದಲ್ಲಿ ಅದನ್ನು ನಾವು ನಾರುಮೂಳೆ ರೋಗ ಎಂದು ಕರೆಯೋಣ.

ಮೂಳೆಯೊಳಗೆ ಏನಾಗುತ್ತದೆ?

ಮೂಳೆ ಕಲ್ಲಿನ ಹಾಗೆ ಒಂದು ಸಲ ಆಗಿ ನಿಂತ ವಸ್ತುವಲ್ಲ. ಮಣ್ಣಿನ ಗೋಡೆಯನ್ನು ವರ್ಷ ವರ್ಷ ಕೆತ್ತಿ ಮತ್ತೆ ಮೆತ್ತುವ ಹಾಗೆ ದೇಹವು ಹಳೆಯ ಮೂಳೆಯನ್ನು ತೆಗೆದು ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಕಟ್ಟುವ ಕೆಲಸಕ್ಕೆಂದೇ ಜೀವಕಣಗಳುಂಟು. ಅವು ಬಲಿತು ಕೆಲಸ ಕಲಿತರೆ ಮೂಳೆ ಗಟ್ಟಿ. ಈ ರೋಗದಲ್ಲಿ ಆ ಕಣಗಳು ಸಂಖ್ಯೆಯಲ್ಲಿ ಹೆಚ್ಚುತ್ತವೆ, ಆದರೆ ಬಲಿಯುವುದಿಲ್ಲ. ರಾಗಿ ತೆನೆ ನೋಡಲು ತುಂಬಿದಂತಿದ್ದು ಒಳಗೆ ಕಾಳು ಕಟ್ಟದೆ ಜೊಳ್ಳಾಗುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ. ಗಟ್ಟಿ ಮೂಳೆಯೂ ಮಜ್ಜೆಯೂ ಇರಬೇಕಾದ ಜಾಗವನ್ನು ನಾರಿನಂಥ ಪದಾರ್ಥ ಮತ್ತು ಎಳಸು ಮೂಳೆಯ ಚೂರುಗಳು ತುಂಬಿಕೊಳ್ಳುತ್ತವೆ. ಮೂಳೆ ಉಬ್ಬುತ್ತದೆ, ಬಾಗುತ್ತದೆ, ಸಣ್ಣ ಪೆಟ್ಟಿಗೆ ಮುರಿಯುತ್ತದೆ.

ತೊಡೆ, ಮೊಣಕಾಲ ಕೆಳಗಿನ ಮೂಳೆ, ಪಕ್ಕೆಲುಬು, ತೋಳು, ಸೊಂಟ, ತಲೆಬುರುಡೆ, ಮುಖ, ದವಡೆ ಎಲ್ಲಿ ಬೇಕಾದರೂ ಬರಬಹುದು. ಹೆಚ್ಚಿನವರಿಗೆ ಒಂದೇ ಮೂಳೆಯಲ್ಲಿ ಇರುತ್ತದೆ. ಅಂಥವರಲ್ಲಿ ಎಷ್ಟೋ ಜನಕ್ಕೆ ಜೀವಮಾನವಿಡೀ ತೊಂದರೆಯೇ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಎಕ್ಸ್‌ರೇ ತೆಗೆದಾಗ ಕಣ್ಣಿಗೆ ಬೀಳುತ್ತದೆ. ಕೆಲವರಿಗೆ ಮಾತ್ರ ಹಲವು ಮೂಳೆಗಳಲ್ಲಿ ಇರುತ್ತದೆ. ಅವರಿಗೆ ಕಷ್ಟ ಹೆಚ್ಚು, ಮತ್ತು ಅದು ಚಿಕ್ಕ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ.

ಕಾರಣ ಏನು? ತಪ್ಪು ಯಾರದು?

ತಪ್ಪು ಯಾರದೂ ಅಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈ ರೋಗದ ನೋವಿಗಿಂತ ಮಾತಿನ ನೋವೇ ನನ್ನ ಅಕ್ಕನನ್ನು ಹೆಚ್ಚು ಕಾಡಿತ್ತು.

ಕಾಗದದ ಹೂವಿನ ಬಳ್ಳಿಯನ್ನು ನೀವು ನೋಡಿದ್ದೀರಿ. ಬಳ್ಳಿಯೆಲ್ಲ ಕೆಂಪು ಹೂ ಬಿಡುತ್ತಿರುವಾಗ ಒಂದೇ ಒಂದು ಕೊಂಬೆಯಲ್ಲಿ ಬಿಳಿ ಹೂ ಬರುವುದುಂಟು. ಬೇರು ಒಂದೇ, ನೀರು ಒಂದೇ, ಗೊಬ್ಬರ ಒಂದೇ. ಆ ಕೊಂಬೆ ಮೊಳಕೆಯಾಗಿದ್ದಾಗ ಒಂದು ಕಣದಲ್ಲಿ ಏನೋ ಬದಲಾಯಿತು, ಆ ಕಣದಿಂದ ಬೆಳೆದ ಭಾಗವೆಲ್ಲ ಬೇರೆಯಾಯಿತು. ನಾರುಮೂಳೆ ರೋಗವೂ ಇದೇ ಬಗೆಯದು. ಮಗು ತಾಯಿಯ ಗರ್ಭದಲ್ಲಿ ಇನ್ನೂ ಕೆಲವೇ ಕಣಗಳ ಮುದ್ದೆಯಾಗಿರುವಾಗ, ಒಂದು ಕಣದಲ್ಲಿ ಒಂದು ವಂಶವಾಹಿ ತಾನಾಗಿ ಬದಲಾಗುತ್ತದೆ. ಅದಕ್ಕೆ ವಿಜ್ಞಾನಿಗಳು ಜಿಎನ್‌ಎಎಸ್ ಎಂಬ ಹೆಸರು ಕೊಟ್ಟಿದ್ದಾರೆ. ಆ ಕಣದ ಸಂತತಿ ದೇಹದಲ್ಲಿ ಎಲ್ಲೆಲ್ಲಿ ಸೇರಿತೋ ಅಲ್ಲಲ್ಲಿ ಮಾತ್ರ ಮೂಳೆ ಜೊಳ್ಳಾಗುತ್ತದೆ. ಉಳಿದ ಮೂಳೆ ಎಲ್ಲರ ಮೂಳೆಯ ಹಾಗೆ ಗಟ್ಟಿಯಾಗಿಯೇ ಇರುತ್ತದೆ.

ಈ ರೋಗಕ್ಕೆ ಈಗಿನ ಹೆಸರನ್ನು ಅಮೆರಿಕದ ಲಿಕ್ಟೆನ್‌ಸ್ಟೈನ್ ಎಂಬ ವೈದ್ಯರು ೧೯೩೮ರಲ್ಲಿ ಕೊಟ್ಟರು. ಆದರೆ ವಂಶವಾಹಿಯ ಬದಲಾವಣೆ ಗೊತ್ತಾದದ್ದು ೧೯೯೧ರಲ್ಲಿ. ನಡುವೆ ಐವತ್ತಕ್ಕೂ ಹೆಚ್ಚು ವರ್ಷ ವೈದ್ಯರಿಗೇ ಕಾರಣ ತಿಳಿದಿರಲಿಲ್ಲ. ಹೀಗಿರುವಲ್ಲಿ ಹಳ್ಳಿಯ ಜನ ಗ್ರಹಣವನ್ನೂ ಗ್ರಹಚಾರವನ್ನೂ ದೂರಿದ್ದರಲ್ಲಿ ಆಶ್ಚರ್ಯವಿಲ್ಲ. ಈಗ ತಿಳಿದಿದೆಯಲ್ಲ, ಇನ್ನು ದೂರುವುದು ಬೇಡ.

ಇದರಿಂದ ಮೂರು ಮಾತು ಸ್ಪಷ್ಟವಾಗುತ್ತವೆ. ಒಂದು, ತಾಯಿ ಬಸುರಿಯಲ್ಲಿ ಉಂಡದ್ದಕ್ಕೂ ನೋಡಿದ್ದಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಎರಡು, ಇದು ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಮೂರು, ಇದು ವಂಶದಲ್ಲಿ ಇಳಿದು ಬರುವ ರೋಗವಲ್ಲ. ತಂದೆ ತಾಯಿಯಿಂದ ಬರುವುದಿಲ್ಲ, ಮಕ್ಕಳಿಗೆ ಹೋಗುವುದಿಲ್ಲ, ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಅದರ ಭಯವಿಲ್ಲ.

ಗುರುತುಗಳು

ಕೆಳಗೆ ಹೇಳುವ ಗುರುತುಗಳಲ್ಲಿ ಯಾವುದಾದರೂ ನಿಮ್ಮ ಮನೆಯ ಮಗುವಿನಲ್ಲಿ ಕಂಡರೆ ತಡಮಾಡಬೇಡಿ.

೧. ಸಣ್ಣ ಎಡವಿಗೆ, ಕಡಿಮೆ ಎತ್ತರದ ಬೀಳುವಿಕೆಗೆ ಮೂಳೆ ಮುರಿಯುವುದು. ಅದೇ ಮೂಳೆ ಎರಡನೆಯ ಸಲ ಮುರಿಯುವುದು. ಈ ರೋಗವಿರುವ ಮಕ್ಕಳಲ್ಲಿ ಮುರಿತ ಹೆಚ್ಚಾಗಿ ಕಾಣುವುದು ಆರರಿಂದ ಹತ್ತು ವರ್ಷದೊಳಗೆ.

೨. ಕಾಲು ಬರುಬರುತ್ತ ಬಾಗುವುದು, ಒಂದು ಕಾಲು ಗಿಡ್ಡವಾಗುವುದು, ಕುಂಟು. ತೊಡೆಯ ಮೇಲ್ಭಾಗ ಕುರಿ ಕಾಯುವವರ ಕೊಕ್ಕೆ ಕೋಲಿನ ಹಾಗೆ ಬಾಗುವುದು ಈ ರೋಗದ ಹಳೆಯ ಗುರುತು.

೩. ಪೆಟ್ಟಿಲ್ಲದೆ ಒಂದೇ ಜಾಗದಲ್ಲಿ ಮೂಳೆ ನೋವು. ನಡೆದರೆ ಹೆಚ್ಚು, ಕೂತರೆ ಕಡಿಮೆ. ಮಕ್ಕಳಲ್ಲಿ ನೋವು ಇಲ್ಲದೆಯೂ ಇರಬಹುದು. ದೊಡ್ಡವರಲ್ಲಿ ನೋವು ಸಾಮಾನ್ಯ.

೪. ಕೆನ್ನೆ, ಹಣೆ, ದವಡೆಯ ಒಂದು ಪಕ್ಕ ನಿಧಾನವಾಗಿ ಉಬ್ಬುವುದು. ಹಲ್ಲಿನ ಸಾಲು ಓರೆಯಾಗುವುದು.

೫. ಮೈಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ, ಅಂಚು ಅಂಕುಡೊಂಕಾದ ದೊಡ್ಡ ಮಚ್ಚೆ. ಇದು ಹುಟ್ಟಿದಾಗಲೇ ಅಥವಾ ಸ್ವಲ್ಪ ದಿನದಲ್ಲೇ ಕಾಣುತ್ತದೆ, ಎಷ್ಟೋ ಸಲ ಮೈಯ ನಡುಗೆರೆಯ ಒಂದು ಪಕ್ಕಕ್ಕೇ ನಿಲ್ಲುತ್ತದೆ.

೬. ಹೆಣ್ಣುಮಗು ಎಂಟು ವರ್ಷ ತುಂಬುವ ಮೊದಲೇ ಮೈನೆರೆಯುವುದು, ಅಥವಾ ಎರಡು ಮೂರು ವರ್ಷದ ಕೂಸಿಗೇ ರಕ್ತ ಕಾಣುವುದು.

ಕೊನೆಯ ಎರಡು ಗುರುತುಗಳನ್ನು ಸಂಕೋಚದಿಂದ ಮುಚ್ಚಿಡಬಾರದು. ಮೂಳೆ, ಚರ್ಮ ಮತ್ತು ಗ್ರಂಥಿಗಳು ಒಟ್ಟಿಗೆ ಸೇರಿದ ಈ ಬಗೆಗೆ ಮೆಕ್ಯೂನ್ ಆಲ್‌ಬ್ರೈಟ್ ರೋಗವೆನ್ನುತ್ತಾರೆ. ೧೯೩೦ರ ದಶಕದಲ್ಲಿ ಇದನ್ನು ವಿವರಿಸಿದ ಇಬ್ಬರು ವೈದ್ಯರ ಹೆಸರು ಅದು. ಇದರಲ್ಲಿ ಗಂಟಲಿನ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಬಹುದು, ಬೆಳವಣಿಗೆಯ ರಸ ಹೆಚ್ಚಾಗಿ ಊರಬಹುದು. ಅವಕ್ಕೆ ಔಷಧಿ ಉಂಟು. ಸಕಾಲದಲ್ಲಿ ಕೊಟ್ಟರೆ ಮಗು ಸರಿಯಾಗಿ ಬೆಳೆಯುತ್ತದೆ. ನಮ್ಮ ಹುಡುಗನ ಬೆನ್ನಿನ ಮೇಲೂ ಅಂಗೈಯಗಲ ಒಂದು ಮಚ್ಚೆ ಇತ್ತು. ಮೈ ತೊಳೆಯುವಾಗಲೆಲ್ಲ ಅಕ್ಕ ಅದನ್ನು ಕಂಡಿದ್ದಳು. ಕಾಲಿಗೂ ಅದಕ್ಕೂ ನಂಟಿದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ವೈದ್ಯರು ಅಂಗಿ ಬಿಚ್ಚಿಸಿ ನೋಡಿದಾಗಲೇ ನಮಗೆ ತಿಳಿದದ್ದು. ಅವನ ಗ್ರಂಥಿಗಳ ಪರೀಕ್ಷೆಯಲ್ಲಿ ಪುಣ್ಯಕ್ಕೆ ದೋಷ ಕಾಣಲಿಲ್ಲ. ಆದರೂ ಆಗಾಗ ಪರೀಕ್ಷಿಸುತ್ತಿರಬೇಕೆಂದು ಹೇಳಿದ್ದಾರೆ.

ಬೇರೆ ಮೂಳೆ ರೋಗಗಳ ಜೊತೆ ಬೆರೆಸಬೇಡಿ

ಎಲೆ ಹಳದಿಯಾದದ್ದೆಲ್ಲ ಒಂದೇ ರೋಗವಲ್ಲ. ಸಾರಜನಕದ ಕೊರತೆಯೂ ಇರಬಹುದು, ಬೇರು ಕೊಳೆತದ್ದೂ ಇರಬಹುದು. ಮೂಳೆ ಬಾಗಿದ್ದೂ ಹಾಗೆಯೇ.

ನಮ್ಮ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರು ಕಡೆಗಳಲ್ಲಿ ಆಳದ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗಬಹುದು. ಫ್ಲೋರೈಡ್ ಇನ್ನೂ ಹೆಚ್ಚಿದ್ದರೆ ಬೆನ್ನು, ಕೀಲುಗಳು ಬಿಗಿದುಕೊಳ್ಳುತ್ತವೆ. ಅದು ಒಂದು ಮನೆಗಲ್ಲ, ಆ ನೀರು ಕುಡಿವ ಊರಿನ ಹಲವರಿಗೆ ಕಾಣುತ್ತದೆ. ಅದಕ್ಕೆ ಮದ್ದು ನೀರನ್ನು ಬದಲಿಸುವುದು.

ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ರೋಗದಲ್ಲಿ ಸಾಮಾನ್ಯವಾಗಿ ಎರಡು ಕಾಲೂ ಬಾಗುತ್ತವೆ, ಮಣಿಕಟ್ಟು ದಪ್ಪವಾಗುತ್ತದೆ. ಅದು ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಮೂಳೆಯ ಕ್ಷಯದಲ್ಲಿ ಜ್ವರ, ತೂಕ ಇಳಿಯುವುದು, ಕೀವು ಇರಬಹುದು.

ಇನ್ನೊಂದು ನಮ್ಮ ಮಲೆನಾಡಿನದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೦ರ ದಶಕದ ನಡುವೆ, ಸೊಂಟ ಮತ್ತು ಮಂಡಿಯ ಕೀಲು ಸವೆದು ಜನ ನಡೆಯಲಾರದೆ ಹೋದದ್ದು ಬೆಳಕಿಗೆ ಬಂತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಮೈಗೆ ಸೇರಿತೆಂದು ಮೊದಲು ಶಂಕಿಸಿದ್ದರು. ಆಮೇಲಿನ ಅಧ್ಯಯನಗಳಿಂದ ಅದು ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆ ಬೆಳವಣಿಗೆಯ ದೋಷವೆಂದು ಗೊತ್ತಾಯಿತು. ಹಂದಿಗೋಡು ರೋಗ ವಂಶದ್ದು, ನಾರುಮೂಳೆ ರೋಗ ವಂಶದ್ದಲ್ಲ. ಎರಡಕ್ಕೂ ಮೂಳೆ ರೋಗ ಎಂದೇ ಜನ ಕರೆಯಬಹುದು, ಆದರೆ ಮಗಳ ಮದುವೆಯ ಮಾತು ಬಂದಾಗ ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ನಮ್ಮ ಮನೆಯಲ್ಲೇ ಕಂಡೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಪರೀಕ್ಷೆ ಮಾಡುವ ಕ್ರಮ

ಮೊದಲನೆಯದು ಎಕ್ಸ್‌ರೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇದನ್ನು ತೆಗೆಯುತ್ತಾರೆ. ಅನುಭವವಿರುವ ವೈದ್ಯರಿಗೆ ಎಷ್ಟೋ ಸಲ ಈ ಒಂದು ಚಿತ್ರವೇ ಸಾಕು.

ಎರಡನೆಯದು, ಬೇರೆ ಎಲ್ಲಿ ಇದೆ ಎಂದು ನೋಡುವುದು. ಇದಕ್ಕೆ ದೊಡ್ಡ ಆಸ್ಪತ್ರೆಗಳಲ್ಲಿ ಇಡೀ ಮೈಯ ಮೂಳೆ ಸ್ಕ್ಯಾನ್ ಮಾಡುತ್ತಾರೆ. ತಲೆಬುರುಡೆ, ಮುಖದಲ್ಲಿ ಇದ್ದರೆ ಸಿ.ಟಿ. ಸ್ಕ್ಯಾನ್ ಬೇಕು. ಕಣ್ಣಿನ ನರದ ಸುತ್ತಲಿನ ಮೂಳೆ ಉಬ್ಬಿದ್ದರೆ ದೃಷ್ಟಿಯನ್ನೂ, ಕಿವಿಯ ಹತ್ತಿರ ಇದ್ದರೆ ಶ್ರವಣವನ್ನೂ ಕಾಲಕಾಲಕ್ಕೆ ಪರೀಕ್ಷಿಸಬೇಕು.

ಮೂರನೆಯದು ರಕ್ತಪರೀಕ್ಷೆ. ಸುಣ್ಣದ ಅಂಶ, ರಂಜಕ, ಡಿ ಜೀವಸತ್ವ, ಗ್ರಂಥಿರಸಗಳನ್ನು ನೋಡುತ್ತಾರೆ. ಹಲವು ಮೂಳೆಗಳಲ್ಲಿ ರೋಗವಿರುವ ಕೆಲವರ ಮೈಯಿಂದ ರಂಜಕ ಮೂತ್ರದಲ್ಲಿ ಸೋರಿ ಹೋಗುತ್ತದೆ. ಹೊಲದಲ್ಲಿ ರಂಜಕ ಕಡಿಮೆಯಾದರೆ ಬೆಳೆ ಏನಾಗುತ್ತದೆ ನಿಮಗೆ ಗೊತ್ತು. ಮೈಯಲ್ಲಿ ಕಡಿಮೆಯಾದರೆ ಮೂಳೆ ಇನ್ನಷ್ಟು ಮೆತ್ತಗಾಗಿ, ನೋವೂ ಮುರಿತವೂ ಹೆಚ್ಚುತ್ತವೆ. ಇದನ್ನು ಔಷಧಿಯಿಂದ ಸರಿಪಡಿಸಬಹುದು.

ನಾಲ್ಕನೆಯದು, ಅನುಮಾನ ಉಳಿದರೆ ಮಾತ್ರ, ಮೂಳೆಯ ಚೂರು ತೆಗೆದು ಪರೀಕ್ಷಿಸುವುದು. ಚೂರು ತೆಗೆದರೆ ರೋಗ ಹರಡುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಇದು ಕ್ಯಾನ್ಸರಲ್ಲ. ಇದು ಕ್ಯಾನ್ಸರಾಗಿ ತಿರುಗುವುದು ಬಹಳ ಅಪರೂಪ, ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದು ಹೇಳುತ್ತಾರೆ. ಆದರೆ ಇದ್ದಕ್ಕಿದ್ದಂತೆ ನೋವು ಹೆಚ್ಚಿದರೆ, ಗಂಟು ಬೇಗಬೇಗ ಬೆಳೆದರೆ ಕಾಯಬೇಡಿ, ತಕ್ಷಣ ತೋರಿಸಿ.

ಚಿಕಿತ್ಸೆ

ಮೊದಲೇ ನಿಜ ಹೇಳಿಬಿಡುತ್ತೇನೆ. ನಾರನ್ನು ಮತ್ತೆ ಗಟ್ಟಿ ಮೂಳೆಯಾಗಿ ಮಾಡುವ ಔಷಧಿ ಈವರೆಗೆ ಇಲ್ಲ. ಯಾರಾದರೂ "ಇಷ್ಟು ಸಾವಿರ ಕೊಡಿ, ಬೇರುಸಹಿತ ತೆಗೆಯುತ್ತೇನೆ" ಎಂದರೆ ನಂಬಬೇಡಿ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ನೋವನ್ನು ಕಡಿಮೆ ಮಾಡಬಹುದು, ಮುರಿತವನ್ನು ತಡೆಯಬಹುದು, ಬಾಗಿದ್ದನ್ನು ನೆಟ್ಟಗೆ ಮಾಡಬಹುದು.

ತೊಂದರೆ ಕೊಡದೆ ಸುಮ್ಮನಿರುವ ನಾರುಮೂಳೆಗೆ ಏನೂ ಮಾಡಬೇಕಾಗಿಲ್ಲ. ವೈದ್ಯರು ಹೇಳಿದ ಹೊತ್ತಿಗೆ ಹೋಗಿ ಎಕ್ಸ್‌ರೇ ತೆಗೆಸಿ ನೋಡಿಕೊಳ್ಳುತ್ತಿದ್ದರೆ ಸಾಕು. ಇದ್ದಬದ್ದ ಗಂಟನ್ನೆಲ್ಲ ಕೊಯ್ದು ತೆಗೆಸುವ ಆತುರ ಬೇಡ.

ನೋವಿಗೆ ಮೊದಲು ಸಾಧಾರಣ ನೋವಿನ ಮಾತ್ರೆ. ಅದಕ್ಕೆ ಬಗ್ಗದಿದ್ದರೆ ಜೋಲೆಡ್ರೊನೇಟ್, ಪಮಿಡ್ರೊನೇಟ್ ಎಂಬ ಔಷಧಿಗಳನ್ನು ನರಕ್ಕೆ ಡ್ರಿಪ್ ಮೂಲಕ ಕೊಡುತ್ತಾರೆ. ಇವು ನೋವನ್ನು ಇಳಿಸುತ್ತವೆ, ರೋಗವನ್ನು ಅಳಿಸುವುದಿಲ್ಲ. ಕೊಡುವ ಮೊದಲು ಮೂತ್ರಪಿಂಡ, ಸುಣ್ಣದ ಅಂಶ, ಡಿ ಜೀವಸತ್ವ ನೋಡಬೇಕು. ಹುಳುಕು ಹಲ್ಲಿದ್ದರೆ ಮೊದಲೇ ಸರಿಮಾಡಿಸಬೇಕು, ಯಾಕೆಂದರೆ ಈ ಔಷಧಿ ನಡೆಯುವಾಗ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯ ಸ್ವಲ್ಪ ಉಂಟು. ಮೊದಲ ಸಲ ಕೊಟ್ಟಾಗ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು. ಅದಕ್ಕೆ ಹೆದರಬೇಡಿ.

ತೊಡೆ, ಕಾಲಿನ ಮೂಳೆ ಮುರಿದರೆ ಅಥವಾ ಮುರಿಯುವಂತಿದ್ದರೆ ಶಸ್ತ್ರಚಿಕಿತ್ಸೆ. ಇಲ್ಲಿ ನೀವು ಒಂದು ಮಾತು ತಿಳಿದಿರಬೇಕು. ನಾರನ್ನು ಕೆರೆದು ತೆಗೆದು ಬೇರೆ ಜಾಗದ ಮೂಳೆಯನ್ನು ತುಂಬಿದರೂ, ಮುಖ್ಯವಾಗಿ ಮಕ್ಕಳಲ್ಲಿ, ತುಂಬಿದ ಮೂಳೆ ಕೆಲವು ವರ್ಷಗಳಲ್ಲಿ ಕರಗಿ ಆ ಜಾಗದಲ್ಲಿ ಮತ್ತೆ ನಾರೇ ಬರುವುದುಂಟು. ಹೊರಗಿನಿಂದ ತಗಡು ಕೂರಿಸಿ ಮೊಳೆ ಹೊಡೆದರೆ ಮೆತ್ತನೆ ಮೂಳೆಯಲ್ಲಿ ಮೊಳೆ ಹಿಡಿಯುವುದು ಕಷ್ಟ. ಆದ್ದರಿಂದ ಮೂಳೆಯ ಉದ್ದಕ್ಕೂ ಒಳಗೆ ಒಂದು ಕಂಬಿಯನ್ನು ಇಳಿಸುವುದು ಒಳ್ಳೆಯ ಕ್ರಮ ಎನ್ನುತ್ತಾರೆ. ಬಾಳೆಗಿಡ ಗೊನೆಯ ಭಾರಕ್ಕೆ ಬೀಳದಂತೆ ಊರೆ ಕೊಡುವುದಿಲ್ಲವೇ? ಇಲ್ಲಿ ಊರೆ ಮೂಳೆಯ ಒಳಗಿರುತ್ತದೆ. ಬಾಗಿ ಕೂಡಿದ ಮೂಳೆಯನ್ನು ಕತ್ತರಿಸಿ, ನೆಟ್ಟಗೆ ಜೋಡಿಸಿ, ಆಮೇಲೆ ಕಂಬಿ ಹಾಕುತ್ತಾರೆ. ನಮ್ಮ ಹುಡುಗನಿಗೆ ಮಾಡಿದ್ದು ಇದನ್ನೇ. ಮೊದಲ ಸಲವೇ ಎಕ್ಸ್‌ರೇ ಆಗಿದ್ದರೆ ಬಾಗಿದ ಮೂಳೆಯನ್ನು ಕತ್ತರಿಸುವ ಪ್ರಮೇಯ ಬರುತ್ತಿರಲಿಲ್ಲವೋ ಏನೋ.

ದೃಷ್ಟಿ ಸರಿಯಾಗಿರುವಾಗ ಕಣ್ಣಿನ ನರದ ಸುತ್ತಲಿನ ಮೂಳೆಯನ್ನು ಮುಂಜಾಗ್ರತೆಗೆಂದು ಕೊಯ್ಯುವುದು ಬೇಡ, ಅದರಿಂದಲೇ ದೃಷ್ಟಿ ಹೋಗಬಹುದು ಎಂಬುದು ಈಗಿನ ಅಭಿಪ್ರಾಯ. ಹಾಗೆಯೇ ಈ ರೋಗಕ್ಕೆ ವಿಕಿರಣ ಚಿಕಿತ್ಸೆ ಕೊಡಬಾರದು. ಹಿಂದೆ ಕೊಟ್ಟದ್ದುಂಟು; ಅದರಿಂದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ ಎಂದು ತಿಳಿದುಬಂದಿದೆ.

ಮನೆಯಲ್ಲಿ ಮಾಡಬೇಕಾದದ್ದು

ರಾಗಿ, ಹಾಲು, ಸೊಪ್ಪು, ಮೊಟ್ಟೆ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿ, ಗೋಧಿಯಲ್ಲಿ ಅಷ್ಟಿಲ್ಲ. ಬಿಸಿಲಿನಲ್ಲಿ ಮಗು ಓಡಾಡಲಿ. ಇದರಿಂದ ರೋಗ ಹೋಗುವುದಿಲ್ಲ, ಆದರೆ ಉಳಿದ ಮೂಳೆ ಗಟ್ಟಿಯಾಗಿರುತ್ತದೆ. ಸುಣ್ಣದ ಮಾತ್ರೆಯನ್ನು ವೈದ್ಯರು ಹೇಳದೆ ನೀವಾಗಿ ಕೊಡಬೇಡಿ.

ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ. ನಡೆಯಬೇಕು, ಶಾಲೆಗೆ ಹೋಗಬೇಕು. ಕಬಡ್ಡಿ, ಮರ ಹತ್ತುವುದು, ಭಾರ ಹೊರುವುದು ಬೇಡ. ಒಂದು ಕಾಲು ಗಿಡ್ಡವಿದ್ದರೆ ಚಪ್ಪಲಿಯ ಅಡಿಯನ್ನು ಎತ್ತರಿಸಿಕೊಡುತ್ತಾರೆ. ಹಿತ್ತಿಲಿನ ಪಾಚಿ, ಬಚ್ಚಲ ಜಾರು ತೆಗೆಯಿರಿ. ರಾತ್ರಿ ಹೊರಗೆ ಹೋಗುವ ದಾರಿಗೆ ಒಂದು ದೀಪ ಹಾಕಿ.

ಬೆನ್ನ ಮೇಲೆ ಮಚ್ಚೆ, ಕಾಲಿನಲ್ಲಿ ಉಬ್ಬು ಇರುವ ಕಡೆ ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು, ಬರೆ ಹಾಕುವುದು ಎಂದಿಗೂ ಕೂಡದು. ತೆಳ್ಳಗಿರುವ ಮೂಳೆ ತಿಕ್ಕಾಟಕ್ಕೇ ಮುರಿಯಬಹುದು.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ತಂಡ ಬರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೆಂದು ೨೦೧೩ರಲ್ಲಿ ಶುರುವಾದ ಏರ್ಪಾಡು ಅದು. ಅವರು ಬಂದ ದಿನ ಮಗುವಿನ ಕುಂಟನ್ನೂ ಮಚ್ಚೆಯನ್ನೂ ತೋರಿಸಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿಗೋ ಕಳುಹಿಸುತ್ತಾರೆ. ಬೆಂಗಳೂರಿನಲ್ಲಿ ಮೂಳೆಗೆಂದೇ ಇರುವ ಸರ್ಕಾರದ ಸಂಜಯ್ ಗಾಂಧಿ ಆಸ್ಪತ್ರೆ ಜಯನಗರದ ಕಡೆ ಇದೆ, ಮಕ್ಕಳಿಗೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ವಿಕ್ಟೋರಿಯಾ ಆಸ್ಪತ್ರೆ ಇದೆ. ತುಮಕೂರು ಕಡೆಯಿಂದ ಬಸ್ಸಿನಲ್ಲೋ ರೈಲಿನಲ್ಲೋ ಯಶವಂತಪುರದಲ್ಲಿ ಇಳಿದವರು ಹಸಿರು ಮೆಟ್ರೋ ಹತ್ತಿದರೆ, ನಮ್ಮ ಮಹಾಲಕ್ಷ್ಮಿ ನಿಲ್ದಾಣ ದಾಟಿ, ನಡುವೆ ಗಾಡಿ ಬದಲಿಸದೆ ಜಯನಗರ ಮುಟ್ಟಬಹುದು. ಅಲ್ಲಿಂದ ಆಟೋ.

ಪಡಿತರ ಚೀಟಿ, ಆಧಾರ್ ಕಾರ್ಡು, ತಾಲ್ಲೂಕು ಆಸ್ಪತ್ರೆಯ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೆರವು ದೊರೆಯುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಕೇಳಿ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಉಂಟು. ೨೦೦೩ರಲ್ಲಿ ಶುರುವಾದ ಅದು ನಡುವೆ ನಿಂತು ೨೦೨೨ರಲ್ಲಿ ಮತ್ತೆ ಜಾರಿಗೆ ಬಂತು. ಹಣ ಕಟ್ಟುವ ಕಡೆಯ ದಿನವನ್ನು ಹಾಲಿನ ಡೈರಿಯಲ್ಲೋ ಸೊಸೈಟಿಯಲ್ಲೋ ಮೊದಲೇ ವಿಚಾರಿಸಿಡಿ. ನಮ್ಮ ಭಾವ ಹಸು ಮಾರಲು ಹೊರಟಿದ್ದರು. ಕಾಗದಪತ್ರ ಸರಿಯಿದ್ದದ್ದರಿಂದ ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ಎಕ್ಸ್‌ರೇ ಚಿತ್ರಗಳನ್ನು ಎಸೆಯಬೇಡಿ. ತಾರೀಖು ಬರೆದು ಒಂದು ಚೀಲದಲ್ಲಿಡಿ. ರೋಗ ಬೆಳೆಯಿತೋ ನಿಂತಿತೋ ಎಂದು ಹೇಳುವುದಕ್ಕೆ ಹಳೆಯ ಚಿತ್ರವೇ ಸಾಕ್ಷಿ.

ಕೊನೆಯ ಮಾತು

ಹುಡುಗನಿಗೆ ಈಗ ಹದಿಮೂರು. ತೊಡೆಯಲ್ಲಿ ಕಂಬಿ ಇದೆ. ಕುಂಟು ಪೂರ್ತಿ ಹೋಗಿಲ್ಲ, ಎಡ ಚಪ್ಪಲಿಯ ಅಡಿ ಒಂದು ಬೆರಳು ದಪ್ಪ. ಆದರೆ ನಾಲ್ಕು ವರ್ಷದಿಂದ ಮೂಳೆ ಮುರಿದಿಲ್ಲ. ಶಾಲೆಗೆ ನಡೆದೇ ಹೋಗುತ್ತಾನೆ.

ಹೋದ ವರ್ಷ ಅವನ ಅಕ್ಕನಿಗೆ ಗಂಡು ನೋಡಲು ಬಂದವರು ಹುಡುಗನ ನಡಿಗೆ ಕಂಡು, "ವಂಶದಲ್ಲಿ ಮೂಳೆ ರೋಗ ಇದ್ಯಂತೆ" ಎಂದು ಹೇಳಿ ಕಳುಹಿಸಿದರು. ಅಕ್ಕ ಅತ್ತಳು. ನಾನು ಆಸ್ಪತ್ರೆಯ ಕಾಗದ ಹಿಡಿದು ಅವರ ಊರಿಗೆ ಹೋದೆ. ಗಂಡಿನ ತಂದೆ ತೆಂಗಿನ ತೋಟದವರು. ಅವರ ಅಂಗಳದಲ್ಲೇ ಕಾಗದದ ಹೂವಿನ ಬಳ್ಳಿ ಇತ್ತು. ಒಂದು ಕೊಂಬೆಯ ಬಣ್ಣ ಬೇರೆಯಾಗುವ ಆ ಮಾತನ್ನೇ ಅವರಿಗೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಡಾಕ್ಟರು ಬರೆದುಕೊಟ್ಟಿದ್ದಾರಾ?" ಎಂದು ಕೇಳಿದರು. ಬರೆದುಕೊಟ್ಟಿದ್ದರು. ಬರುವ ಮಾಘದಲ್ಲಿ ಮದುವೆ.

ಆದ್ದರಿಂದ ರೈತ ಬಾಂಧವರೇ, ನಾನು ಹೇಳಬೇಕಾದದ್ದು ಇಷ್ಟೇ. ಸಣ್ಣ ಪೆಟ್ಟಿಗೆ ಮುರಿದ ಮೂಳೆಗೆ ಕಟ್ಟು ಕಟ್ಟುವ ಮೊದಲು ಎಕ್ಸ್‌ರೇ ತೆಗೆಸಿ. ರೋಗದ ಹೆಸರೇನೆಂದು ವೈದ್ಯರನ್ನು ಕೇಳಿ, ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಹೆಸರು ತಿಳಿದರೆ ಅರ್ಧ ಭಯ ಹೋಗುತ್ತದೆ, ಆಡುವವರ ಬಾಯಿಯೂ ಅರ್ಧ ಮುಚ್ಚುತ್ತದೆ. ಹೊಲದ ಮಣ್ಣಿಗೆ ತೋರಿಸುವ ಎಚ್ಚರಿಕೆಯನ್ನು ಮನೆಯ ಮಗುವಿಗೂ ತೋರಿಸಿ. ನಾನು ತೋರಿಸದೆ ತಪ್ಪು ಮಾಡಿದೆ, ನೀವು ಮಾಡಬೇಡಿ.